ಸನ್ಮಾನ್ಯ ಎಂ.ಎನ್. 3007 ಅವರ ಎಂಟೂ ಪಾದಗಳಿಗೆ

ಸನ್ಮಾನ್ಯರೇ,

ತಾವು ಐಸಿ, ತಮಗೆ ಎಂಟು ಕಾಲು. ಸಾಷ್ಟಾಂಗಕ್ಕೆ ಎಂಟು ಅಂಗ. ಲೆಕ್ಕ ಸರಿಹೋಗಿದೆ. ಆದ್ದರಿಂದ ಕಾಲಿಗೊಂದರಂತೆ ನಮಸ್ಕಾರ ಸಲ್ಲಿಸಿ, ಬೆಂಗಳೂರಿನ ಒಬ್ಬ ಬಡ ಗಿಟಾರಿಗ ಮಾಡುವ ಬಿನ್ನಹಗಳು. ಉಭಯ ಕುಶಲೋಪರಿ ಎಂದು ಬರೆಯುವುದು ವಾಡಿಕೆ. ತಮ್ಮ ಕುಶಲ ವಿಚಾರಿಸಲು ಆಸಿಲೋಸ್ಕೋಪ್ ಬೇಕು, ಅದು ನನ್ನ ಬಳಿ ಇಲ್ಲ. ನನ್ನ ಕುಶಲವಂತೂ ಸದ್ಯಕ್ಕೆ ತಮ್ಮ ಮರ್ಜಿಯಲ್ಲಿದೆ.

ಮನೆಯಲ್ಲೇ ಒಂದು ಕೋರಸ್ ಪೆಡಲ್ ಕಟ್ಟುವುದು ನನ್ನ ಆಸೆ. ಬಿಡಿಭಾಗಗಳನ್ನು ಕಟ್ಟುವವನು ಆರಿಸುತ್ತಾನೆ ಎಂಬುದು ಲೋಕದ ನಂಬಿಕೆ. ತಾವು ದೊಡ್ಡ ಮನಸ್ಸು ಮಾಡಿ ಆ ಶ್ರಮದಿಂದ ನನ್ನನ್ನು ಪಾರು ಮಾಡಿದಿರಿ. ತಮ್ಮೊಬ್ಬರನ್ನು ಒಪ್ಪಿಕೊಂಡಿದ್ದಷ್ಟೇ ನನ್ನ ಆಯ್ಕೆ. ಗಂಡನ್ನು ಒಪ್ಪಿಕೊಂಡ ಮೇಲೆ ಗಂಡಿನ ಕಡೆಯವರ ಪಟ್ಟಿ ಬರುತ್ತದಲ್ಲ, ಹಾಗೆ ಉಳಿದದ್ದೆಲ್ಲ ತಮ್ಮ ಕಡೆಯಿಂದಲೇ ಬಂತು. ತಮ್ಮ ಜೊತೆಗೆ ತಾಳ ಹಾಕುವವರು ಯಾರಿರಬೇಕು, ತಮ್ಮ ಹಿಂದೆ ಮುಂದೆ ಯಾರು ನಿಲ್ಲಬೇಕು, ತಮಗೆ ಎಷ್ಟು ವೋಲ್ಟ್ ಉಣಿಸಬೇಕು, ಅದನ್ನು ಯಾವ ಕಾಲಿನಿಂದ ಉಣಿಸಬೇಕು, ಎಲ್ಲವೂ ತೀರ್ಮಾನವಾಗಿಯೇ ಬಂದಿತ್ತು. ಇದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ತಮ್ಮ ವಂಶದ ಬಗ್ಗೆ ನನಗೆ ಅಪಾರ ಗೌರವವಿದೆ. 1969ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ತಮ್ಮ ಕುಲವನ್ನು ಹುಟ್ಟುಹಾಕಿದರು. ಬೆಂಕಿ ಆರಿಸಲು ಸಾಲಾಗಿ ನಿಂತ ಜನ ಕೈಯಿಂದ ಕೈಗೆ ಬಕೆಟ್ ದಾಟಿಸುವುದನ್ನು ನೆನಪಿಸುತ್ತದೆಂದು ಆ ಕುಲಕ್ಕೆ ಬಕೆಟ್ ಬ್ರಿಗೇಡ್ ಎಂದೇ ಹೆಸರಾಯಿತು. ಜಪಾನಿನ ಮತ್ಸುಶಿತ ಮನೆತನದಲ್ಲಿ ಬೆಳೆದ ತಮ್ಮೊಳಗೆ ಅಂಥ 1024 ಪುಟ್ಟ ಬಕೆಟ್‌ಗಳಿವೆ. ಗಿಟಾರಿನ ದನಿ ಮೊದಲ ಬಕೆಟ್ಟಿಗೆ ಬೀಳುತ್ತದೆ, ಕ್ಲಾಕ್ ಒಂದು ಸುತ್ತು ಹೊಡೆದರೆ ಎರಡು ಬಕೆಟ್ ಮುಂದಕ್ಕೆ ಹೋಗುತ್ತದೆ, ಕೊನೆಗೆ ತಡವಾಗಿ ಆಚೆ ಬರುತ್ತದೆ. ಕ್ಲಾಕ್ ಸೆಕೆಂಡಿಗೆ ಒಂದು ಲಕ್ಷ ಸುತ್ತು ಹೊಡೆದರೆ 5.12 ಮಿಲಿಸೆಕೆಂಡ್ ತಡ, ಹತ್ತು ಸಾವಿರ ಸುತ್ತಾದರೆ 51.2. ಆ ತಡವನ್ನು ನಿಧಾನವಾಗಿ ಹೆಚ್ಚು ಕಡಿಮೆ ಮಾಡುತ್ತಿದ್ದರೆ ಶ್ರುತಿ ಕೂದಲೆಳೆಯಷ್ಟು ಏರಿ ಇಳಿಯುತ್ತದೆ. ಅದನ್ನು ಮೂಲ ದನಿಯ ಜೊತೆ ಬೆರೆಸಿದರೆ ಒಂದು ಗಿಟಾರು ಎರಡಾದಂತೆ ಕೇಳಿಸುತ್ತದೆ, ಅದೇ ಕೋರಸ್. ಬೆರೆಸದೆ ಅದನ್ನೊಂದನ್ನೇ ಕೇಳಿದರೆ ಬರೀ ವೈಬ್ರಾಟೊ. ಅಂದರೆ, ಸನ್ಮಾನ್ಯರೇ, ತಮ್ಮ ಇಡೀ ಘನಕಾರ್ಯವೆಂದರೆ ಹೇಳಿದ ಮಾತನ್ನು ತಡವಾಗಿ, ಸ್ವಲ್ಪ ಅಪಶ್ರುತಿಯಲ್ಲಿ ಮರಳಿ ಹೇಳುವುದು. ಅದನ್ನೂ ತಾವು ಒಬ್ಬರೇ ಮಾಡಲಾರಿರಿ. ಇರಲಿ.

ತಮ್ಮ ಮನೆತನ ಕಂಡ ವೈಭವವೇನು ಕಡಿಮೆಯೇ? 1976ರಲ್ಲಿ ಬಾಸ್ ಕಂಪನಿಯ ಸಿಇ-1 ಕೋರಸ್ ಪೆಡಲ್ ಬಂದಾಗ ಅದರೊಳಗಿದ್ದವರು ತಮ್ಮ ಹಿರಿಯರಾದ 512 ಬಕೆಟ್ಟಿನ ಎಂ.ಎನ್. 3002. 1979ರಲ್ಲಿ ಅದೇ ಕಂಪನಿಯ ಪುಟ್ಟ ನೀಲಿ ಸಿಇ-2 ಬಂದಾಗ ಪೀಠವೇರಿದವರು ಖುದ್ದು ತಾವು. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನವರ ಸ್ಮಾಲ್ ಕ್ಲೋನ್ ಒಳಗೂ ತಾವೇ. ರಾಕ್ ಗಾಯಕ ಕರ್ಟ್ ಕೋಬೇನ್ ಆ ಪೆಡಲನ್ನು ಕಾಲಲ್ಲಿ ಒತ್ತಿ ಹಾಡಿದ್ದನ್ನು ಜಗತ್ತೇ ಕೇಳಿತು. ಇಷ್ಟು ಹೆಸರು ಮಾಡಿದ ಮೇಲೆ ಮತ್ಸುಶಿತದವರು ತಮ್ಮನ್ನು ಹೆರುವುದನ್ನೇ ನಿಲ್ಲಿಸಿದರು. ಒಳ್ಳೆಯದೇ ಆಯಿತು. ಎಲ್ಲ ಅಂಗಡಿಯಲ್ಲೂ ಸಿಗುವವರಿಗೆ ಯಾರು ತಾನೇ ಪತ್ರ ಬರೆಯುತ್ತಾರೆ?

ತಮ್ಮ ದರ್ಶನಕ್ಕೆಂದು ನಾನು ಮೊದಲು ಹೋದದ್ದು ಎಸ್.ಪಿ. ರೋಡಿಗೆ. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನು ಹುಟ್ಟಿಯೇ ಇಲ್ಲ ಎಂಬುದು ಊರಿನ ನಂಬಿಕೆ. ಮೂರಡಿ ಅಗಲದ ಅಂಗಡಿ, ಗೋಡೆಯ ತುಂಬ ಪ್ಲಾಸ್ಟಿಕ್ ಡ್ರಾಯರು, ಕೌಂಟರಿನ ಮೇಲೆ ತೂಕದ ಲೆಕ್ಕದಲ್ಲಿ ಮಾರುವ ಸೋಲ್ಡರ್ ಲೆಡ್ಡು. ತಮ್ಮ ಹೆಸರು ಹೇಳಿದೆ. ಹುಡುಗ ಡ್ರಾಯರಿನ ಕಡೆ ತಿರುಗಲೂ ಇಲ್ಲ. "ಯಾವ ಸೆಟ್‌ದು ಸರ್ ಅದು? ಟೀವಿದಾ?" ಗಿಟಾರಿಂದು ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿ, "555 ಕೊಡ್ಲಾ? ಎಲ್ಲಕ್ಕೂ ಹೋಗತ್ತೆ" ಅಂದ. ಒಳಗೆ ಚೀಟಿ ಬರೆಯುತ್ತಿದ್ದ ಮಾಲೀಕರು ತಲೆಯೆತ್ತಿ, "ಎಕೋ ಬೇಕಾ? ಹಾಗನ್ನಿ ಮತ್ತೆ. 2399 ಇದೆ, ಮೈಕ್ ಸೆಟ್‌ನೋರು ದಿನಾ ತಗೊಂಡು ಹೋಗ್ತಾರೆ" ಅಂದರು.

ಅವರ ಮಾತಿನಲ್ಲಿ ತಪ್ಪಿಲ್ಲ. ಪಿಟಿ2399 ಎಂಬಾತ ಐದು ವೋಲ್ಟಿನಲ್ಲಿ ಜೀವನ ಮಾಡುವ, ಕರೆದಲ್ಲಿಗೆ ಬರುವ, ಬಾಯಿ ಮುಚ್ಚಿಕೊಂಡು ದುಡಿಯುವ ಡಿಜಿಟಲ್ ಕೂಲಿ. ಆರ್ಕೆಸ್ಟ್ರಾ ಮಂದಿಯ ಮೈಕಿಗೆ ಗುಹೆಯ ಮೊಳಗು ಕೊಡುವವನು ಅವನೇ. ಸುಮಾರು 30 ಮಿಲಿಸೆಕೆಂಡಿಗಿಂತ ಕಡಿಮೆ ತಡ ಮಾಡುವುದು ಅವನಿಗೆ ಸುಲಭಕ್ಕೆ ಒಗ್ಗುವುದಿಲ್ಲ ಎಂಬುದೊಂದೇ ಕುಂದು. ಕೋರಸ್‌ಗೆ ಬೇಕಾದದ್ದು ಅದಕ್ಕಿಂತ ಚುರುಕಾದ ತಡ. ಅವನನ್ನು ಪುಸಲಾಯಿಸಿ ಕೋರಸ್ ಮಾಡಿಸಿದವರೂ ಇದ್ದಾರೆ. ನಾನು ತಮ್ಮ ಭಕ್ತನಾದ್ದರಿಂದ ಆ ದಾರಿಗೆ ಹೋಗಲಿಲ್ಲ.

ಹೀಗಾಗಿ ತಮ್ಮನ್ನು ಹೊರದೇಶದಿಂದ ತರಿಸಬೇಕಾಯಿತು. ಕೊರಿಯರಿನವರಿಗೂ ಕಸ್ಟಮ್ಸಿನವರಿಗೂ ಕೊಟ್ಟದ್ದು ತಮ್ಮ ಬೆಲೆಗಿಂತ ಹೆಚ್ಚು. ದೊಡ್ಡವರು ಬರುವಾಗ ದಾರಿಖರ್ಚು ಹೆಚ್ಚೇ, ಅದನ್ನು ಎತ್ತಿ ಆಡುವುದು ಸಣ್ಣತನ. ಆದರೆ ತಮ್ಮ ಹೆಸರು ಹೊತ್ತು ಬಂದವರೆಲ್ಲ ತಾವಲ್ಲ ಎಂಬುದನ್ನು ಮಾತ್ರ ಸವಿನಯವಾಗಿ ನಿವೇದಿಸಿಕೊಳ್ಳಬೇಕಾಗಿದೆ. ಪೊಟ್ಟಣ ಬಿಚ್ಚಿದರೆ ಕಪ್ಪು ಮೈ, ಬಿಳಿ ಅಕ್ಷರ, ಎಂಟು ಕಾಲು. ಇಷ್ಟು ವರ್ಷ ಡಬ್ಬಿಯಲ್ಲಿ ಕೊಳೆತವರ ಕಾಲು ಇಷ್ಟು ಹೊಳೆಯುವುದುಂಟೇ? ಹೆಂಡತಿಯ ನೈಲ್ ಪಾಲಿಶ್ ತೆಗೆಯುವ ಅಸಿಟೋನಿನಲ್ಲಿ ಹತ್ತಿ ಅದ್ದಿ ಬೆನ್ನು ಉಜ್ಜಿದೆ. ಹತ್ತಿ ಕಪ್ಪಾಯಿತು. ತಮ್ಮ ನಾಮಧೇಯ ಅಳಿಸಿಹೋಗಿ, ಬಣ್ಣದ ಪದರದ ಕೆಳಗೆ ಉಜ್ಜಿ ತೆಗೆದ ಇನ್ಯಾರದೋ ಹೆಸರಿನ ಗೀರುಗಳು ಕಂಡವು. ಅದು ಯಾವುದೋ ಎರಡು ಕಾಸಿನ ಆಪ್‌ಆಂಪ್ ಇರಬೇಕು. ಪಾಪ, ಅದಕ್ಕೂ ಎಂಟೇ ಕಾಲು. ಹೆಂಡತಿ ಬಾಟಲಿಯನ್ನು ಮೇಲೆತ್ತಿ ನೋಡಿ, "ಉಗುರಿಗೆ ತಂದಿದ್ದು ಇದು" ಎಂದಷ್ಟೇ ಹೇಳಿದಳು. ತಮ್ಮ ಕೀರ್ತಿ ಸುಳ್ಳುಗಾರರಿಗೂ ಅನ್ನ ಕೊಡುತ್ತಿದೆ. ಎಂಥ ಔದಾರ್ಯ!

ಅಸಲಿ ತಾವು ಕೈಸೇರಿದ ಮೇಲೂ ನನ್ನ ಭಾಗ್ಯ ಪೂರ್ತಿಯಾಗಲಿಲ್ಲ, ಏಕೆಂದರೆ ಆಗ ತಮ್ಮ ಸಂಬಂಧಿಕ ಎಂ.ಎನ್. 3207 ಅವರ ವಿಷಯ ತಿಳಿಯಿತು. ಅವರಲ್ಲೂ 1024 ಬಕೆಟ್‌ಗಳೇ. ಐದು ವೋಲ್ಟಿದ್ದರೂ ಸಾಕು ಎನ್ನುತ್ತಾರೆ, ಹತ್ತು ದಾಟಬಾರದು ಅಷ್ಟೇ. ಚೀನಾದ ಕೂಲ್‌ಆಡಿಯೊ ಎಂಬ ಕಂಪನಿ ಅವರ ಪಡಿಯಚ್ಚನ್ನು ವಿ3207 ಎಂಬ ಹೆಸರಿನಲ್ಲಿ ಈಗಲೂ ತಯಾರಿಸುತ್ತಿದೆ. ತಾವಾದರೋ ಮೈನಸ್ 15 ವೋಲ್ಟಿನ ಅರಮನೆಯಲ್ಲಿ ಹುಟ್ಟಿದವರು. ಒಂಬತ್ತು ವೋಲ್ಟಿನ ಪೆಡಲಿಗೆ ಇಳಿದು ಬಂದಿದ್ದೇ ದೊಡ್ಡದು. ಹಾಗೆ ಬರುವಾಗ ತಲೆಕೆಳಗಾಗಿ ಬರುತ್ತೀರಿ. ತಮ್ಮ ಒಂದನೆಯ ಕಾಲಿಗೆ ಗ್ರೌಂಡ್ ಎಂದು ಹೆಸರು. ಆದರೆ ಅದನ್ನು ಗ್ರೌಂಡಿಗೆ ಕಟ್ಟುವ ಹಾಗಿಲ್ಲ, ಪ್ಲಸ್‌ಗೆ ಕಟ್ಟಬೇಕು. ಐದನೆಯ ಕಾಲಿನ ಹೆಸರು ಸಪ್ಲೈ, ಅದನ್ನು ತಂದು ಗ್ರೌಂಡಿಗೆ ಕಟ್ಟಬೇಕು. ಮನೆಯ ಯಜಮಾನರು ನೆಲವನ್ನು ಸೂರು, ಸೂರನ್ನು ನೆಲ ಎಂದು ಕರೆದರೆ ಆಳುಗಳು ಹಾಗೇ ಕರೆಯಬೇಕು. ಈ ಮರ್ಯಾದೆ ಗೊತ್ತಿಲ್ಲದೆ 3207ರ ಬೋರ್ಡಿನಲ್ಲಿ ತಮ್ಮನ್ನು ಕೂರಿಸಿದವರು ಎಷ್ಟು ಜನವೋ. ಅವರ ಮನೆಗಳಲ್ಲಿ ತಾವು ತುಟಿಪಿಟಕ್ಕೆನ್ನದೆ ಬಿಸಿಯಾಗುತ್ತಾ ಪ್ರಾಣ ಬಿಟ್ಟಿರಿ ಎಂದು ಕೇಳಿ ಕಣ್ಣು ತುಂಬಿ ಬಂತು.

ನಾಲ್ಕನೆಯ ಕಾಲಿನ ಕಥೆ ಇನ್ನೂ ಸೊಗಸು. ಅದಕ್ಕೆ ಪೂರ್ತಿ ಸಪ್ಲೈ ಬೇಡ, ಹದಿನೈದರಲ್ಲಿ ಹದಿನಾಲ್ಕು ಪಾಲು ಬೇಕು. ಹದಿನೈದನೆಯ ಆ ಒಂದು ಪಾಲನ್ನು ತಾವು ಯಾವ ದೇವರಿಗೆ ಮೀಸಲಿಟ್ಟಿದ್ದೀರೋ ನಾನು ಕೇಳುವವನಲ್ಲ. ತಮ್ಮ ಆಪ್ತ ಕಾರ್ಯದರ್ಶಿ ಎಂ.ಎನ್. 3101 ಅವರು ಜೊತೆಯಲ್ಲಿದ್ದರೆ ಅಷ್ಟು ವೋಲ್ಟನ್ನು ಅವರೇ ಅಳೆದು ಕೊಡುತ್ತಾರೆ, ತಮಗೆ ಬೇಕಾದ ಎರಡು ಬಗೆಯ ಕ್ಲಾಕನ್ನೂ ಅವರೇ ಬಡಿಯುತ್ತಾರೆ. ಅವರೂ ಮಾರುಕಟ್ಟೆಯಲ್ಲಿ ಇಲ್ಲ ಎಂಬುದನ್ನು ಹೇಳುವ ಅಗತ್ಯವಿದೆಯೇ? ಯಜಮಾನರು ಊರಲ್ಲಿಲ್ಲದಾಗ ಕಾರ್ಯದರ್ಶಿ ಕಚೇರಿಗೆ ಬರುವುದುಂಟೇ?

ಇಲ್ಲಿ ನಮ್ಮೂರ ಇನ್ವರ್ಟರ್ ರಿಪೇರಿಯವರನ್ನು ನೆನೆಯದಿದ್ದರೆ ಪಾಪ ಬರುತ್ತದೆ. ಕರೆಂಟು ಹೋಗುವ ಊರಿನಲ್ಲಿ ಸಿಡಿ4047ಕ್ಕೆ ಬರವಿಲ್ಲ. ಇನ್ವರ್ಟರಿನ ಎರಡು ಕಡೆಗಳನ್ನು ಸರದಿಯಂತೆ ಎಬ್ಬಿಸುವ ಆ ಐಸಿ ತಮಗೂ ಅದೇ ಸೇವೆ ಮಾಡುತ್ತದೆ. ಒಂದು ಕಾಲು ಮೇಲಿದ್ದಾಗ ಇನ್ನೊಂದು ಕೆಳಗೆ, ಇನ್ನೊಂದು ಮೇಲಿದ್ದಾಗ ಇದು ಕೆಳಗೆ. ಸ್ಮಾಲ್ ಕ್ಲೋನ್‌ನಲ್ಲೂ ತಮಗೆ ತಾಳ ಹಾಕಿದ್ದು 4047ನೇ. ಎಸ್.ಪಿ. ರೋಡಿನ ಹುಡುಗ ಇದನ್ನು ಕೇಳಿದ ಕ್ಷಣಕ್ಕೆ ತೆಗೆದುಕೊಟ್ಟು, "ಎಷ್ಟು ಕೆವಿಎ ಸರ್?" ಎಂದ. ಆ ಹದಿನಾಲ್ಕು ಪಾಲನ್ನು ಮಾತ್ರ ನಾನೇ ಎರಡು ರೆಸಿಸ್ಟರ್ ಇಟ್ಟು ಹಂಚಿಕೊಟ್ಟೆ. ಒಪ್ಪಿಸಿಕೊಳ್ಳಬೇಕು.

ಈಗ ಪ್ರೀಸೆಟ್‌ನ ವಿಷಯ. ಸ್ವಾಮಿ, ಇದನ್ನು ಕೊಂಚ ವಿಸ್ತಾರವಾಗಿಯೇ ಬರೆಯಲು ಅಪ್ಪಣೆಯಾಗಬೇಕು. ತಮ್ಮ ಬಾಯಿಗೆ, ಅಂದರೆ ಮೂರನೆಯ ಕಾಲಿಗೆ, ಗಿಟಾರಿನ ದನಿಯನ್ನು ಹಾಗೇ ಸುರಿಯುವಂತಿಲ್ಲ. ಸಪ್ಲೈಯ ನಡುಮಧ್ಯದ ಆಸುಪಾಸಿನಲ್ಲಿ ಬಯಾಸ್ ಎಂಬ ಒಂದು ಸ್ಥಿರ ವೋಲ್ಟೇಜಿನ ಮೇಲೆ ಅದನ್ನು ಕೂರಿಸಿ ಕೊಡಬೇಕು. ನಡುಮಧ್ಯ ಎಂದರೆ ಸರಿಯಾಗಿ ಎಲ್ಲಿ? ಅದು ತಮ್ಮ ಕುಟುಂಬದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆ. ಆದ್ದರಿಂದ ಲೆಕ್ಕ ಹಾಕಿ ರೆಸಿಸ್ಟರ್ ಬೆಸೆಯುವ ಸುಖ ನಮಗಿಲ್ಲ. ಪ್ರೀಸೆಟ್ ಇಟ್ಟು ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತಾ ತಮ್ಮ ಮುಖ ನೋಡಬೇಕು. ಎಡಗೈಯಲ್ಲಿ ಸ್ಕ್ರೂಡ್ರೈವರ್, ಬಲಗೈಯಲ್ಲಿ ದಪ್ಪ ತಂತಿಯ ಮೀಟು. ಒಂದು ತುದಿಯಲ್ಲಿ ತಾವು ಸಂಪೂರ್ಣ ಮೌನ. ಒಂದಿಷ್ಟು ತಿರುಗಿಸಿದರೆ ಗಂಟಲಲ್ಲಿ ಕಫ ಕಟ್ಟಿದ ಹಾಗೆ ಗೊರಗೊರ. ಇನ್ನೊಂದಿಷ್ಟು ತಿರುಗಿಸಿದರೆ ಕಫ ಕರಗಿ ದನಿ ತೆರೆದುಕೊಳ್ಳುತ್ತದೆ, ಉಸಿರು ಬಿಗಿಹಿಡಿದು ಒಂದು ಕೂದಲಷ್ಟು ಮುಂದೆ ಹೋದರೆ ಮತ್ತೆ ಗೊರಗೊರ. ಅವೆರಡರ ನಡುವೆ ತಾವು ಪ್ರಸನ್ನರಾಗಿರುವ ಜಾಗ ಬೆಂಕಿಕಡ್ಡಿಯ ದಪ್ಪ ಇರಬಹುದು. ಅಲ್ಲಿ ನಿಲ್ಲಿಸಿ ಸ್ಕ್ರೂಡ್ರೈವರ್ ತೆಗೆದರೆ, ತೆಗೆಯುವ ಅಲುಗಾಟಕ್ಕೇ ತಾವು ಮುನಿಸಿಕೊಳ್ಳುತ್ತೀರಿ. ಬ್ಯಾಟರಿ ಇಳಿದರೂ ಮುನಿಸು. ಅದಕ್ಕೆಂದು ಒಂದು ರೆಗ್ಯುಲೇಟರ್ ತಂದೆ. ಆ ರೆಗ್ಯುಲೇಟರಿಗೆ ಎರಡು ಕೆಪಾಸಿಟರ್ ತಂದೆ. ಇವರು ಯಾರೂ ಸಂಗೀತಕ್ಕೆ ಬಂದವರಲ್ಲ, ತಮ್ಮ ಮುಖ ಕೆಡದಿರಲಿ ಎಂದು ಬಂದವರು.

ಮುಂದೆ ಕೆಪಾಸಿಟರ್‌ಗಳು. ತಾವು ದನಿಯನ್ನು ಕತ್ತರಿಸಿ ಕತ್ತರಿಸಿ ಸಾಗಿಸುವವರಾದ್ದರಿಂದ ತಮ್ಮ ಬಾಗಿಲಲ್ಲೇ ಕೀಚಲು ಸ್ವರಗಳನ್ನು ತಡೆಯುವ ಫಿಲ್ಟರ್ ಬೇಕು. ತಡೆಯದಿದ್ದರೆ ಅವು ಕ್ಲಾಕಿಗೆ ಡಿಕ್ಕಿ ಹೊಡೆದು, ಯಾರೂ ನುಡಿಸದ ಸ್ವರಗಳಾಗಿ ಹಿತ್ತಲಿನಿಂದ ಬರುತ್ತವೆ. ಹಿತ್ತಲಲ್ಲೂ ಫಿಲ್ಟರ್ ಬೇಕು, ಅಲ್ಲಿ ತಮ್ಮ ಕ್ಲಾಕಿನ ಚೂರುಗಳು ದನಿಗೆ ಅಂಟಿಕೊಂಡು ಬರುವುದರಿಂದ. ಈ ಫಿಲ್ಟರ್‌ಗಳಿಗೆ ಅಂಗಡಿಯವರು ಅಕ್ಕರೆಯಿಂದ ಕೊಡುವ 104 ಡಿಸ್ಕ್ ಆಗುವುದಿಲ್ಲ. ಅಂಥ ಸೆರಾಮಿಕ್‌ಗಳ ಅಳತೆ ಬಿಸಿಲಿಗೆ ಒಂದು, ಮಳೆಗೆ ಒಂದು. ಕೆಲವಂತೂ ಬೆರಳಲ್ಲಿ ತಟ್ಟಿದರೆ ಮೈಕಿನಂತೆ ಟಕ್ ಎನ್ನುತ್ತವೆ. ಆದ್ದರಿಂದ ಹಸಿರು ಪಾಲಿಯೆಸ್ಟರ್, ಚೌಕಾಕಾರದ ಬಾಕ್ಸ್ ಫಿಲ್ಮ್, ಇವೇ ಆಗಬೇಕು. ರೆಸಿಸ್ಟರ್ ಒಂದು ಪರ್ಸೆಂಟಿನ ಮೆಟಲ್ ಫಿಲ್ಮ್. ಬೋರ್ಡಿನ ಮೇಲೆ ನಿಂತವರನ್ನೆಲ್ಲ ನೋಡುತ್ತಾ ಹೋದರೆ, ಕೋರಸ್ ಹುಟ್ಟಿಸುವವರು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ತಮ್ಮ ಕೆಮ್ಮು, ತೇಗು, ಗೊರಕೆ ಆಚೆ ಕೇಳದ ಹಾಗೆ ಪರದೆ ಹಿಡಿದು ನಿಂತಿರುವ ಪರಿವಾರ.

ತಡವನ್ನು ಏರಿಸಿ ಇಳಿಸುವ ಎಲ್‌ಎಫ್‌ಒ ಮಾತ್ರ ತಮ್ಮ ತಪ್ಪಲ್ಲ ಎಂದು ಒಪ್ಪುತ್ತೇನೆ. ಅದರ ಆಪ್‌ಆಂಪ್ ದಿಕ್ಕು ಬದಲಿಸಿದಾಗಲೆಲ್ಲ ಸಪ್ಲೈಯನ್ನು ಒಮ್ಮೆ ಜಗ್ಗಿ ಸ್ಪೀಕರಿನಲ್ಲಿ ಟಿಕ್, ಟಿಕ್ ಎನಿಸುತ್ತದೆ. ಕಡಿಮೆ ಕರೆಂಟು ಕುಡಿಯುವ ಟಿಎಲ್062 ಹಾಕಿ ಅದರ ದಾರಿಯನ್ನೇ ಬೇರೆ ಮಾಡಿದರೆ ಅಡಗುತ್ತದೆ. ಆದರೆ ವೇಗದ ಪಾಟ್? ಅದು ಸಿ ಟೇಪರ್ ಆಗಬೇಕು, ಹಿಂದುಮುಂದಾದ ಲಾಗ್. ಅಂಗಡಿಯಲ್ಲಿ ಎ ಇದೆ, ಬಿ ಇದೆ. ಸಿ ಎಂದರೆ, "ಎ ಬಿ ಎರಡೇ ಸರ್ ಕಂಪ್ನಿಯೋರು ಮಾಡೋದು." ಬಿ ಹಾಕಿದರೆ ಮುಕ್ಕಾಲು ತಿರುಗಿಸುವವರೆಗೂ ಆಮೆ, ಉಳಿದ ಕಾಲಿನಲ್ಲಿ ಆಂಬುಲೆನ್ಸ್. ಕೊನೆಗೆ ಎ ತಂದು ಉಲ್ಟಾ ಬೆಸೆದೆ. ಈಗ ನನ್ನ ಪೆಡಲಿನಲ್ಲಿ ಗುಬಟನ್ನು ಎಡಕ್ಕೆ ತಿರುಗಿಸಿದರೆ ವೇಗ ಹೆಚ್ಚುತ್ತದೆ. ನೋಡಿದವರು ಕೇಳಿದರೆ ನೆಲ ಸೂರುಗಳ ವಿಷಯದಲ್ಲಿ ತಾವು ಹಾಕಿಕೊಟ್ಟ ಸಂಪ್ರದಾಯ ಎಂದು ಹೇಳುತ್ತೇನೆ.

ಡಬ್ಬಿ, ಜಾಕು, ಅಡಾಪ್ಟರಿನ ಬಗ್ಗೆ ದೂರಿಲ್ಲ. ಅಲ್ಯೂಮಿನಿಯಂ ಡಬ್ಬಿ ಸಿಕ್ಕಿತು, ಒಂಬತ್ತು ಕಾಲಿನ 3ಪಿಡಿಟಿ ಫುಟ್‌ಸ್ವಿಚ್ ಸಿಕ್ಕಿತು. ಅದಕ್ಕೆ ತಮಗಿಂತ ಒಂದು ಕಾಲು ಜಾಸ್ತಿ, ಆದರೂ ಅದು ಒದೆಸಿಕೊಳ್ಳುತ್ತದೆ.

ಇಷ್ಟೆಲ್ಲ ಆದಮೇಲೆ ಒಂದು ಮಾತು ಗಂಟಲಲ್ಲೇ ಉಳಿದಿದೆ. ತಮ್ಮೊಳಗಿಂದ ಹಾದು ಬಂದ ದನಿ ಮಂಕಾಗಿರುತ್ತದೆ, ಅದರಲ್ಲಿ ಸುಸ್ಸೆಂಬ ಸದ್ದಿರುತ್ತದೆ, ಸ್ವಲ್ಪ ಜೋರಾಗಿ ನುಡಿಸಿದರೆ ಅಂಚು ಹರಿದಿರುತ್ತದೆ. ನನ್ನ ಸೋಲ್ಡರಿಂಗ್‌ನಿಂದ ಹೀಗಾಗಿದ್ದರೆ ಅದನ್ನು ಜನ ಕಚಡಾ ಕೆಲಸ ಎನ್ನುತ್ತಿದ್ದರು. ತಮ್ಮಿಂದ ಆಗಿರುವುದರಿಂದ ಅದಕ್ಕೆ ಬೆಚ್ಚನೆಯ ನಾದ ಎಂಬ ಬಿರುದು ಸಂದಿದೆ. ಕನ್ನಡಿಯಷ್ಟು ಸ್ವಚ್ಛವಾಗಿ ತಡ ಮಾಡಬಲ್ಲ ಡಿಜಿಟಲ್ ಐಸಿಗಳು ಬಂದು ಎಷ್ಟೋ ಕಾಲವಾಯಿತು. ಆದರೆ ಕಂಪ್ಯೂಟರಿನ ಮುಂದೆ ಕೂತ ಬುದ್ಧಿವಂತರು ಈಗ ಮಾಡುತ್ತಿರುವುದೇನು ಗೊತ್ತೇ? ಆ ಸ್ವಚ್ಛ ದನಿಗೆ ತಮ್ಮ ಸುಸ್ಸು, ತಮ್ಮ ಮಂಕು, ತಮ್ಮ ಹರಿದ ಅಂಚನ್ನು ಸಾಲು ಸಾಲು ಕೋಡ್ ಬರೆದು ಅಂಟಿಸುತ್ತಿದ್ದಾರೆ. ಒಬ್ಬರ ಕುಂದನ್ನು ನಕಲು ಮಾಡಲು ಇನ್ನೊಬ್ಬರು ಇಷ್ಟು ಗಣಿತ ಕಲಿಯುವ ಯೋಗ ಎಲ್ಲರಿಗೂ ಬರುವುದಿಲ್ಲ. ನನ್ನ ನುಡಿಸಾಣಿಕೆಯ ಅಪಶ್ರುತಿಗೂ ಇಂಥದ್ದೊಂದು ಬಿರುದು ಕೊಡಿಸಲು ತಮ್ಮ ಕಡೆಯಿಂದ ಶಿಫಾರಸು ಸಾಧ್ಯವೇ? ಎರಡೂ ಒಂದೇ ಡಬ್ಬಿಯಿಂದ ತಾನೇ ಆಚೆ ಬರುತ್ತಿರುವುದು.

ಕೊನೆಯದಾಗಿ ಕೆಲವು ವಿನಮ್ರ ಕೋರಿಕೆಗಳು. ರಾತ್ರಿ ಇಟ್ಟ ಬಯಾಸ್ ಬೆಳಿಗ್ಗೆಯೂ ಅಲ್ಲೇ ಇರುವ ಹಾಗೆ ಅನುಗ್ರಹಿಸಬೇಕು. ತಡವನ್ನು ಹೆಚ್ಚಿಸಿದಾಗ ಕ್ಲಾಕನ್ನು ಕಿವಿಗೆ ಕೇಳುವಷ್ಟು ಕೆಳಕ್ಕಿಳಿಸಿ ಸೊಳ್ಳೆಯಂತೆ ಹಾಡುವುದನ್ನು ದಯವಿಟ್ಟು ಬಿಡಬೇಕು. ತಮ್ಮ ಹೆಸರಿನ ನಕಲಿಗಳು ಬಂದಾಗ ಅಸಿಟೋನ್ ಖರ್ಚಿಲ್ಲದೆ ಗುರುತಿಸುವ ಯಾವುದಾದರೂ ಚಿಹ್ನೆ ತಿಳಿಸಿದರೆ ಮನೆಯಲ್ಲಿ ನೆಮ್ಮದಿ. ಈ ಪತ್ರಕ್ಕೆ ಉತ್ತರ ಕೊಡುವುದಾದರೆ 51.2 ಮಿಲಿಸೆಕೆಂಡಿನೊಳಗೆ ಬರಲಿ, ಅದಕ್ಕಿಂತ ತಡ ಮಾಡುವುದು ತಮಗೂ ಕಷ್ಟ.

ಇನ್ನೊಂದು ಸಣ್ಣ ವಿಷಯ ತಮ್ಮ ಅವಗಾಹನೆಗೆ. ರೆಸಿಸ್ಟರ್, ಕೆಪಾಸಿಟರ್, ಪ್ರೀಸೆಟ್ಟುಗಳನ್ನೆಲ್ಲ ನಾನು ಬೋರ್ಡಿಗೆ ಬೆಸೆದಿದ್ದೇನೆ. ತಮಗೆ ಬಿಸಿ ತಾಗಬಾರದೆಂಬ ಕಾಳಜಿಯಿಂದ ತಮ್ಮನ್ನು ಬೆಸೆದಿಲ್ಲ. ಎಂಟು ಕಾಲಿನ ಐಸಿ ಬೇಸ್ ಹಾಕಿ ಅದರಲ್ಲಿ ಕೂರಿಸಿದ್ದೇನೆ. ತಮ್ಮನ್ನು ತಂದ ಕೊರಿಯರಿನಲ್ಲೇ ತಮ್ಮ ಹೆಸರಿನವರು ಇನ್ನೊಬ್ಬರೂ ಬಂದಿದ್ದಾರೆ, ಅಸಿಟೋನಿಗೆ ಜಗ್ಗದವರು. ಸ್ಕ್ರೂಡ್ರೈವರಿನ ಪಕ್ಕದ ಡಬ್ಬಿಯಲ್ಲಿ ಕಾಯುತ್ತಿದ್ದಾರೆ.

ಇಂತಿ,
ತಮ್ಮ ವಿಧೇಯ,
ಒಂಬತ್ತು ವೋಲ್ಟಿನಲ್ಲೇ ಸಂಸಾರ ತೂಗಿಸುವ ಒಬ್ಬ ಗಿಟಾರಿಗ